ಮಣಿಕಟ್ಟಿನ ಬಳಿ ಬಿಚ್ಚದ ನೂಲು

ಗಂಟಕ್ಕ ಎಂಬ ಹೆಸರು ಅವರಿಗೆ ಹೇಗೆ ಬಂತೆಂದು ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ನನ್ನನ್ನೇ ಕೇಳುತ್ತಿದ್ದರು. ಸದಾ ಮುಖ ಗಂಟಿಕ್ಕಿಕೊಂಡಿರುತ್ತಾರಲ್ಲ, ಅದಕ್ಕೇ ಇರಬೇಕು ಎಂದು ಕೆಲವರು ತಾವೇ ತೀರ್ಮಾನಿಸಿಯೂ ಬಿಡುತ್ತಿದ್ದರು. ಮುಖದ ಮಾತು ಸುಳ್ಳಲ್ಲ. ಆದರೆ ಹೆಸರು ಬಂದದ್ದು ಕೈಯಿಂದ. ಎಂಥ ಸಿಕ್ಕುಸಿಕ್ಕಾದ ನೂಲಿನ ಮುದ್ದೆಯನ್ನು ಮುಂದಿಟ್ಟರೂ ಕತ್ತರಿ ಮುಟ್ಟದೆ, ಬೈಯುತ್ತಾ ಬೈಯುತ್ತಾ ಬಿಡಿಸಿ ಉಂಡೆ ಸುತ್ತಿಡುತ್ತಿದ್ದರು. ಬೈಗುಳ ನೂಲಿಗೆ, ನಮಗಲ್ಲ. ಕೆಲವೊಮ್ಮೆ ನಮಗೂ.

ನಾವು ಕೆಲಸ ಮಾಡುವುದು ಮರುಬಳಕೆಯ ಒಂದು ಸೇವಾ ಸಂಸ್ಥೆಯಲ್ಲಿ. ಜನ ತಮಗೆ ಬೇಡವಾದದ್ದನ್ನು ತಂದು ಕೊಡುತ್ತಾರೆ. ಬಟ್ಟೆ ತುಂಡು, ನೂಲು, ಚಿತ್ರದ ಚೌಕಟ್ಟು, ಗುಂಡಿ, ಮುರಿದ ಛತ್ರಿ, ಏನು ಬೇಕಾದರೂ. ಅದನ್ನು ವಿಂಗಡಿಸಿ, ತೊಳೆದು, ಶಾಲೆಗಳಿಗೂ ಕೈಕೆಲಸದವರಿಗೂ ಹಂಚುವುದು, ಕೆಲವನ್ನು ಇಲ್ಲೇ ಇನ್ನೊಂದು ವಸ್ತುವಾಗಿ ಮಾಡುವುದು ನಮ್ಮ ಕೆಲಸ. ಕಟ್ಟಡ ಹಿಂದೆ ಮಂಜುಗಡ್ಡೆ ಕಾರ್ಖಾನೆಯಾಗಿತ್ತು. ಗೋಡೆ ಎರಡು ಪದರ, ಕಿಟಕಿ ಇದ್ದೂ ಇಲ್ಲದ ಹಾಗೆ. ಒಳಗೆ ಯಾರಾದರೂ ಕೂಗಿಕೊಂಡರೆ ಹೊರಗಿನ ರಸ್ತೆಗೆ ಕೇಳುವುದಿಲ್ಲ. ಬೇಸಿಗೆಯಲ್ಲೂ ನೆಲದಿಂದ ತಣ್ಣಗೆ ಏನೋ ಕಾಲಿಗೆ ಹತ್ತುತ್ತದೆ. ಗುಂಡಿ ವಿಭಾಗದ ಮುಖ್ಯಸ್ಥೆ ನಾನು. ಆ ವಿಭಾಗದ ಏಕೈಕ ಕೆಲಸಗಾರ್ತಿಯೂ ನಾನೇ. ನನ್ನ ಡ್ರಾಯರುಗಳಿಗೆ ಬೆನ್ನು ಮಾಡಿ ಗಂಟಕ್ಕನ ಮೇಜು, ಅದರಾಚೆ ಅವರ ನೇಯ್ಗೆಯ ಚೌಕಟ್ಟು.

ಇಪ್ಪತ್ತೆರಡು ವರ್ಷ ಅವರು ಸ್ವೆಟರ್ ಮಿಲ್ಲಿನಲ್ಲಿ ಕೊರಳಪಟ್ಟಿ ಕೂಡಿಸುವ ಯಂತ್ರದ ಮುಂದೆ ಕೂತವರು. ಮಗಳಿಗೆ ನಾಲ್ಕು ತುಂಬುವ ಮೊದಲೇ ಗಂಡ ತೀರಿಕೊಂಡಿದ್ದರು. ಮಿಲ್ಲು ಬಾಗಿಲು ಹಾಕಿದಾಗ ಇವರಿಗೆ ಐವತ್ತೊಂದು. ಉಳಿಕೆ ನೂಲನ್ನು ಎರಡು ಚೀಲದಲ್ಲಿ ತುಂಬಿಕೊಂಡು ನಮಗೆ ಕೊಡಲು ಬಂದವರು, ನಮ್ಮ ನೂಲಿನ ಕೋಣೆಯ ಅವಸ್ಥೆ ನೋಡಲಾರದೆ ಅಲ್ಲೇ ನೆಲದ ಮೇಲೆ ಕೂತು ವಿಂಗಡಿಸತೊಡಗಿದರು. ಸಂಜೆಯಾದರೂ ಏಳಲಿಲ್ಲ. ಮರುದಿನ ಯಾರೂ ಕರೆಯದೆ ಮತ್ತೆ ಬಂದರು. ಹಳೆಯ ಸ್ವೆಟರುಗಳನ್ನು ಬಿಚ್ಚಿ, ಆ ನೂಲಿನಲ್ಲೇ ಗೋಡೆಗೆ ತೂಗುಹಾಕುವ ಆಳೆತ್ತರದ ನೇಯ್ಗೆಗಳನ್ನು ಮಾಡತೊಡಗಿದ್ದು ಆಮೇಲೆ. ಒಂದು ಗ್ರಂಥಾಲಯಕ್ಕೆ ಹೋಯಿತು, ಎರಡು ಆಸ್ಪತ್ರೆಗೆ. ನಮ್ಮ ವ್ಯವಸ್ಥಾಪಕಿಯನ್ನು ನಾವೆಲ್ಲ ಮೇಡಂ ಎನ್ನುತ್ತೇವೆ. ಅವರು ಗಂಟಕ್ಕನ ಮೇಜಿನ ಮೇಲೆ ‘ನೂಲು ಕಲಾವಿದೆ’ ಎಂಬ ಫಲಕ ಇಡಿಸಿದರು. ಗಂಟಕ್ಕ ಅದನ್ನು ಬೋರಲು ಮಲಗಿಸಿದರು.

“ಕಲಾವಿದೆಯಂತೆ! ಇನ್ನು ಉದ್ದನೆ ಸ್ಕಾರ್ಫ್ ಸುತ್ಕೊಂಡು, ಯಾರಿಗೂ ಅರ್ಥವಾಗ್ದಿರೋ ಹಾಗೆ ಮಾತಾಡೋದು ಕಲೀಬೇಕು ನಾನು.”

ಅವರಿಗೆ ಇನ್ನೊಂದು ವಿದ್ಯೆಯಿತ್ತು. ತೊಟ್ಟು ಬಿಟ್ಟ ಬಟ್ಟೆಯನ್ನು ನೋಡಿ ತೊಟ್ಟವರ ಬಗ್ಗೆ ಹೇಳುತ್ತಿದ್ದರು. ಬಲ ಮೊಣಕೈ ಮಾತ್ರ ಸವೆದಿದ್ದರೆ ಮೇಜಿಗೆ ಒರಗಿ ಬರೆಯುವವರು. ಎಡ ಹೆಗಲು ಜಗ್ಗಿದ್ದರೆ ಮಗು ಹೊತ್ತವಳು ಅಥವಾ ಚೀಲ ಹೊತ್ತವನು. ವಾಸನೆ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಒಮ್ಮೆ ಎದೆಯಿಂದ ಹೊಟ್ಟೆಯವರೆಗೂ ಕಲೆಯಿದ್ದ ಒಂದು ಸ್ವೆಟರನ್ನು ಎತ್ತಿ ಹಿಡಿದು, “ಈ ಪುಣ್ಯಾತ್ಮ ಬಾಯಿಗೆ ಯಾಕೆ ತೊಂದರೆ ಅಂತ ಊಟಾನ ನೇರವಾಗಿ ಹೊಟ್ಟೆಗೇ ಕೊಟ್ಟಿದ್ದಾನೆ” ಎಂದಿದ್ದರು. ನಾವು ನಕ್ಕು ಸುಸ್ತಾಗಿದ್ದೆವು. ಮಾತಿನ ಕೊನೆಗೆ ಯಾವಾಗಲೂ ಅದೇ ಒಂದು ವಾಕ್ಯ ಸೇರಿಸುವರು: “ಮನುಷ್ಯರು ಬಾಯಿ ಮುಚ್ಕೊಂಡಿದ್ರೂ ಬಟ್ಟೆ ಬಾಯಿಬಿಡುತ್ತೆ ಕಣೇ.”

ಚಳಿ ಶುರುವಾದ ಮೊದಲ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಆ ಮನುಷ್ಯ ಬಂದ. ಐವತ್ತೈದರ ಆಸುಪಾಸು. ಲಿಫ್ಟ್ ರಿಪೇರಿಯವರ ನೀಲಿ ಸಮವಸ್ತ್ರ, ಹೆಗಲಿಗೆ ಸಾಮಾನಿನ ಚೀಲ, ಕೈಯಲ್ಲಿ ಫೋನು. ಫೋನನ್ನು ಜೇಬಿಗೆ ಹಾಕದೆ ಅಂಗೈಯಲ್ಲೇ ಹಿಡಿದಿದ್ದ. ಯಾವ ಕ್ಷಣದಲ್ಲಾದರೂ ಕರೆ ಬರಬಹುದು ಎಂಬಂತೆ. ಒಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಅದರ ತುಂಬ ಒಳ್ಳೇ ಉಣ್ಣೆಯ ನೂಲು, ಉಂಡೆ ಮಾಡಿ, ಬಣ್ಣದ ಪ್ರಕಾರ ಜೋಡಿಸಿಟ್ಟದ್ದು. ಜೊತೆಗೆ ಹದಿನಾಲ್ಕು ಜೊತೆ ಹೆಣಿಗೆಯ ಕಡ್ಡಿ.

“ಅಕ್ಕನದು. ಈಗ ಅವಳು ಹೆಣೆಯಲ್ಲ” ಎಂದ.

“ಕಣ್ಣು ಕಾಣಲ್ವಾ?” ಗಂಟಕ್ಕ ಕೇಳಿದರು.

“ಕಾಣುತ್ತೆ.”

ಅಷ್ಟೇ. ರಸೀದಿಗೆ ವಿಳಾಸ ಬರೆಸಿ ಹೊರಟುಹೋದ. ಗಂಟಕ್ಕ ಒಂದೊಂದೇ ಕಡ್ಡಿಯನ್ನು ಬೆರಳ ತುದಿಗೆ ಒತ್ತಿ ನೋಡಿದರು. ಎಲ್ಲದರ ಮೊನೆಯನ್ನೂ ಅರದಿಂದ ಉಜ್ಜಿ ಮೊಂಡು ಮಾಡಲಾಗಿತ್ತು. ಹಾಗೆ ಮಾಡಿದರೆ ಕಡ್ಡಿಯಿಂದ ಹೆಣೆಯಲಾಗುವುದಿಲ್ಲ. ಚುಚ್ಚಲೂ ಆಗುವುದಿಲ್ಲ.

ಮುಂದಿನ ಗುರುವಾರ ಅದೇ ಹೊತ್ತಿಗೆ ಮತ್ತೆ ಬಂದ. ಈ ಸಲ ನನಗೇ ಕೆಲಸ. ಒಂದು ಡಬ್ಬಿಯ ತುಂಬ ಗುಂಡಿಗಳು, ಎಂಬತ್ತೋ ತೊಂಬತ್ತೋ. ಕೋಟಿನವು, ರವಿಕೆಯವು, ಮಲಗುವಾಗ ತೊಡುವ ಅಂಗಿಯವು. ಎಲ್ಲದರಲ್ಲೂ ದಾರದ ತುಣುಕು ಉಳಿದಿತ್ತು. ಒಂದು ಮನೆಯ ಹೆಂಗಸಿನ ಎಲ್ಲ ಬಟ್ಟೆಗಳಿಂದಲೂ ಗುಂಡಿ ಕಿತ್ತುಬಿಟ್ಟಂತೆ.

“ಬಾಯಿಗೆ ಹಾಕ್ಕೋತಾಳೆ” ಎಂದ. ನಾನು ಮೊಮ್ಮಗುವೇನೋ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ. ಫೋನು ಹೊಡೆದುಕೊಂಡಿತು. ಹೋದ.

ಮೂರನೇ ಸಲ ಶೂಗಳು ಬಂದವು. ಮೂರು ಜೊತೆ, ಅಡಿ ಸವೆಯದವು. ಒಂದು ಹೊರಗೆ ಹಾಕುವ ದಪ್ಪ ಕೋಟು. ನಾನು ರಸೀದಿ ಬರೆಯುವಾಗ ಅವನು ಬಾಗಿಲ ಕಡೆ ಹೊರಟವನು ನಿಂತ, ತಿರುಗಿ ಗಂಟಕ್ಕನ ಚೌಕಟ್ಟನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೇ ಇದ್ದ. ಏನೋ ಕೇಳಬೇಕೆಂದು ಇರುವವರು ನಿಲ್ಲುವ ಹಾಗೆ. ಆಮೇಲೆ ಹೋದ.

“ಕಡ್ಡಿ ಹೋಯ್ತು, ಗುಂಡಿ ಹೋಯ್ತು, ಶೂ ಹೋಯ್ತು” ಎಂದರು ಗಂಟಕ್ಕ. “ಒಬ್ಬ ಹೆಂಗಸನ್ನ ಒಂದೊಂದೇ ಕಡೆಯಿಂದ ಬಿಚ್ಚಿ ತರ್ತಿದ್ದಾನಲ್ಲೇ ಇವನು.”

ನಾಲ್ಕನೇ ಗುರುವಾರ ತಂದದ್ದು ಸ್ವೆಟರುಗಳನ್ನು. ಐದು. ಎಲ್ಲವೂ ಕೈಹೆಣಿಗೆ, ಕುಣಿಕೆ ಎಣಿಸಿ ಇಟ್ಟಂತೆ ಸಮ. “ಅಕ್ಕ ಇಳಿದುಹೋಗಿದ್ದಾಳೆ. ಇವೆಲ್ಲ ದೊಗಳೆ ಆಗ್ತಿವೆ” ಎಂದ. ಅವನು ಹೋದ ಮೇಲೆ ಗಂಟಕ್ಕ ಬೂದು ಬಣ್ಣದ್ದೊಂದನ್ನು ಬಿಚ್ಚಲು ಕೂತರು. ಸ್ವೆಟರ್ ಬಿಚ್ಚುವುದು ನೋಡಲು ಚೆಂದ. ಕೊನೆಯ ಎಳೆ ಸಿಕ್ಕಿತೆಂದರೆ ಸರಸರನೆ ಬಿಚ್ಚಿಕೊಳ್ಳುತ್ತದೆ, ಕೈಯಲ್ಲಿ ಉಂಡೆ ದಪ್ಪವಾಗುತ್ತದೆ, ಮಡಿಲಲ್ಲಿ ಬಟ್ಟೆ ಚಿಕ್ಕದಾಗುತ್ತದೆ. ಮೈ ಮುಗಿಯಿತು. ಒಂದು ತೋಳು ಮೊಣಕೈ ದಾಟಿತು. ಆಮೇಲೆ ಎಳೆ ನಿಂತುಬಿಟ್ಟಿತು.

“ಬಾ ಇಲ್ಲಿ” ಎಂದರು.

ತೋಳಿನ ತುದಿಯಲ್ಲಿ, ಮಣಿಕಟ್ಟಿನ ಜಾಗದಲ್ಲಿ, ಎರಡು ಬೆರಳಗಲದ ಒಂದು ಪಟ್ಟಿ ಸುತ್ತಲೂ ಜಡೆಗಟ್ಟಿ ಹೋಗಿತ್ತು. ಹೆಣಿಗೆಯೇ ಕಾಣದಷ್ಟು ಗಟ್ಟಿ, ಕಂಬಳಿಯ ಹಾಗೆ. ಉಣ್ಣೆ ಸುಮ್ಮನೆ ಹಾಗಾಗುವುದಿಲ್ಲ. ಅದಕ್ಕೆ ಬೆವರು ಬೇಕು, ಬಿಸಿ ಬೇಕು, ದಿನಗಟ್ಟಲೆ ಒಂದೇ ಜಾಗದಲ್ಲಿ ತಿಕ್ಕಾಟ ಬೇಕು.

“ಗಡಿಯಾರ ಕಟ್ಟಿರ್ಬೇಕು” ಎಂದೆ.

“ಎರಡೂ ಕೈಗಾ?”

ಇನ್ನೊಂದು ತೋಳನ್ನು ತೋರಿಸಿದರು. ಅಲ್ಲೂ ಅದೇ ಪಟ್ಟಿ. ಉಳಿದ ನಾಲ್ಕು ಸ್ವೆಟರುಗಳನ್ನು ಮೇಜಿನ ಮೇಲೆ ಹರಡಿದೆವು. ಎಲ್ಲದಕ್ಕೂ ಇತ್ತು. ಗಂಟಕ್ಕ ಅದರಲ್ಲೊಂದನ್ನು ತಾವೇ ತೊಟ್ಟುಕೊಂಡು, ಮೂಲೆಯಲ್ಲಿದ್ದ ಕೈಯಿರುವ ಕುರ್ಚಿಯಲ್ಲಿ ಕೂತರು. ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲಿಟ್ಟರು. ಜಡೆಗಟ್ಟಿದ ಭಾಗ ಎಲ್ಲಿ ಹೆಚ್ಚು ದಪ್ಪವಾಗಿತ್ತೋ ಅದು ಮೇಲ್ಭಾಗಕ್ಕೆ ಬಂತು. ಕೈಯನ್ನು ಮೇಲಕ್ಕೆ ಎಳೆದುಕೊಳ್ಳಲು ನೋಡಿದರೆ ಕಟ್ಟು ಒತ್ತುವುದು ಅಲ್ಲೇ.

ಅವರು ಎದ್ದು, ಬೆಂಕಿ ಹತ್ತಿದವರಂತೆ ಆ ಸ್ವೆಟರನ್ನು ಕಿತ್ತು ಹಾಕಿದರು.

ಮರುದಿನ ಮೇಡಂಗೆ ಹೇಳಿದೆವು. ಮೇಡಂ ಕೆಟ್ಟವರಲ್ಲ. ಹಿಂದಿನ ವರ್ಷ ಯಾರದೋ ಕೋಟಿನ ಜೇಬಿನಲ್ಲಿ ಸಿಕ್ಕ ಪತ್ರವನ್ನು ನಮ್ಮ ಸ್ವಯಂಸೇವಕಿಯೊಬ್ಬಳು ಊರೆಲ್ಲ ಓದಿ ಹೇಳಿ, ಆ ಮನೆಯವರು ಬಂದು ರಂಪ ಮಾಡಿದ್ದು ಅವರ ತಲೆಯಿಂದ ಇನ್ನೂ ಹೋಗಿರಲಿಲ್ಲ.

“ಕೊಡೋರ ಮನೆ ವಿಷಯ ನಮಗ್ಯಾಕಮ್ಮ? ನಾವು ಬಟ್ಟೆ ತಗೋತೀವಿ, ಬಟ್ಟೆ ಜೊತೆಗಿರೋ ಕಥೆ ತಗೊಳ್ಳಲ್ಲ. ಒಂದು ತೋಳು ನೋಡ್ಕೊಂಡು ಒಬ್ಬ ಮನುಷ್ಯನ ಮೇಲೆ ಏನಂತ ದೂರು ಕೊಡೋದು? ಇವರ ಉಣ್ಣೆ ಗಂಟಾಗಿದೆ ಅಂತಾನಾ?”

ಗಂಟಕ್ಕ ಜಗಳ ಆಡುತ್ತಾರೆ ಎಂದು ನಾನು ಕಾದೆ. ಸಣ್ಣಪುಟ್ಟದಕ್ಕೂ ಮೇಡಂ ಮೇಲೆ ಎಗರಿ ಬೀಳುವವರು, ಅಂದು “ಸರಿ” ಎಂದು ಹೊರಗೆ ಬಂದರು. ಸಂಜೆ ಬಸ್ಸಿಗೆ ಕಾಯುವಾಗ ಯಾಕೆ ಸುಮ್ಮನಾದಿರಿ ಎಂದು ಕೇಳಿದೆ. ರಸ್ತೆ ನೋಡುತ್ತಲೇ ಹೇಳಿದರು.

“ನಮ್ಮಮ್ಮನಿಗೂ ಕೊನೇಲಿ ಹಾಗೇ ಅರಳುಮರಳು ಆಗಿತ್ತು. ಒಲೆ ಹಚ್ಚಿ ಮರೀತಿದ್ರು, ಬೀದಿಗೆ ಹೋಗಿ ದಾರಿ ತಪ್ಪಿಸ್ಕೋತಿದ್ರು. ನಾನು ಮಿಲ್ಲಿಗೆ ಹೋಗ್ದಿದ್ರೆ ಮೂರು ಜನಕ್ಕೂ ಊಟ ಇಲ್ಲ. ಅವರನ್ನ ಕೋಣೇಲಿ ಬಿಟ್ಟು ಹೊರಗಡೆಯಿಂದ ಚಿಲಕ ಹಾಕ್ತಿದ್ದೆ. ಬೆಳಿಗ್ಗೆ ಎಂಟರಿಂದ ಸಂಜೆ ಐದೂವರೆ. ಮೂರು ವರ್ಷ. ಈಗ ಯಾವ ಮುಖ ಇಟ್ಕೊಂಡು ಅವನನ್ನ ಕೇಳ್ಲಿ?”

ಬಸ್ಸು ಬಂತು. ಅವರು ಹತ್ತಿದರು. ನಾನು ನನ್ನ ಬಸ್ಸಿಗೆ ಕಾದೆ. ನಾನಾದರೂ ಏನಾದರೂ ಮಾಡಬಹುದಿತ್ತು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಮನೆಗೆ ಹೋದೆವು. ಅದನ್ನು ಮರೆಮಾಚಿ ಈ ಕಥೆ ಹೇಳಲು ಬರುವುದಿಲ್ಲ.

ಐದನೇ ಗುರುವಾರ ಅವನು ಒಂದೇ ಒಂದು ಸ್ವೆಟರ್ ತಂದ. ಗಂಟಕ್ಕ ಬೆಳಿಗ್ಗೆಯಿಂದ ಎರಡು ಸಲ ಮುಖ ತೊಳೆದುಕೊಂಡಿದ್ದರು. ಎದ್ದು ಹೋಗಿ ಅವನೆದುರು ನಿಂತರು.

“ಅಕ್ಕ ಹೇಗಿದ್ದಾರೆ?”

“ಇದ್ದಾಳೆ.” ಅವನು ಅವರ ಮುಖವನ್ನು ನೋಡಿದ. ಇನ್ನೇನು ಕೇಳುತ್ತೀರಿ ಎಂಬಂತೆ ನೋಡಿದನೋ, ಕೇಳಬೇಡಿ ಎಂಬಂತೆ ನೋಡಿದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗಂಟಕ್ಕನ ಬಾಯಿ ತೆರೆಯಿತು. ಅಷ್ಟರಲ್ಲಿ ಅವನ ಕೈಯಲ್ಲಿ ಫೋನು ನಡುಗಿತು. ಯಾವುದೋ ಕಚೇರಿಯ ಲಿಫ್ಟಿನಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದರು.

ಆ ಸ್ವೆಟರಿನ ತೋಳುಗಳ ಒಳಗೆ, ಮಣಿಕಟ್ಟಿನ ಸುತ್ತ, ಮೆತ್ತನೆಯ ಬಟ್ಟೆಯ ಪಟ್ಟಿಯನ್ನು ಕೊಟ್ಟು ಹೊಲಿದಿತ್ತು. ಹೊಲಿಗೆ ಸೊಟ್ಟ, ದಾರ ಬೇರೆ ಬಣ್ಣದ್ದು. ಸೂಜಿ ಹಿಡಿದು ಗೊತ್ತಿಲ್ಲದ ಗಂಡಸಿನ ಕೈ.

“ನೋವಾಗ್ಬಾರ್ದು ಅಂತ ಮಾಡಿದ್ದಾನೆ” ಎಂದರು ಗಂಟಕ್ಕ. ಕಟ್ಟಿದ ಗುರುತನ್ನು ಕಂಡಾಗ ಆಗದಷ್ಟು ಭಯ ನನಗೆ ಆ ಪಟ್ಟಿಯನ್ನು ಕಂಡಾಗ ಆಯಿತು. ಅವಸರಕ್ಕೆ ಒಂದು ದಿನ ಕಟ್ಟುವವರು ಹಾಗೆಲ್ಲ ಹೊಲಿಯುವುದಿಲ್ಲ.

ಆರನೇ ಗುರುವಾರ ಹತ್ತೂವರೆಗೆ ಇಬ್ಬರೂ ಬಾಗಿಲು ನೋಡಿದೆವು. ಹನ್ನೊಂದಾಯಿತು. ಹನ್ನೆರಡಾಯಿತು. ಊಟದ ಹೊತ್ತಿಗೆ ಗಂಟಕ್ಕ ಡಬ್ಬಿ ತೆರೆದು ಮತ್ತೆ ಮುಚ್ಚಿದರು. ರಸೀದಿಯಲ್ಲಿದ್ದ ನಂಬರಿಗೆ ನಾನೇ ಎರಡು ಸಲ ಫೋನ್ ಮಾಡಿದೆ. ಸ್ವಿಚ್ ಆಫ್.

“ಹುಷಾರಿಲ್ಲದೆ ಇರಬಹುದು” ಎಂದೆ.

“ಯಾರಿಗೆ?” ಎಂದರು ಅವರು.

ಶುಕ್ರವಾರ ನಾನು ಬರುವ ಹೊತ್ತಿಗೆ ಗಂಟಕ್ಕ ರಸೀದಿ ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದರು. “ಚೀಲ ಇಳಿಸ್ಬೇಡ, ನಡಿ” ಎಂದರು. ಮೇಡಂ ಏನೋ ಕರೆದರು, ನಾವು ತಿರುಗಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಹಿಂದಿನ ಸಂಜೆ ಏನಾಯಿತೆಂದು ಹೇಳಿದರು. ಅವರ ಮಗಳು ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವವಳು, ಮದುವೆಯಾಗಿ ಎರಡು ಬೀದಿಯಾಚೆ ಇದ್ದಾಳೆ. ಅವಳ ಮನೆಗೆ ಹೋಗಿ, ಇಷ್ಟು ವರ್ಷ ಹೇಳದ್ದನ್ನು ಹೇಳಿಬಿಟ್ಟರಂತೆ. ನಿನ್ನ ಅಜ್ಜಿಯನ್ನು ಕೂಡಿಹಾಕಿ ಹೋಗುತ್ತಿದ್ದೆ, ನಿನಗೆ ಗೊತ್ತಾಗಬಾರದೆಂದು ಅಜ್ಜಿ ನಿದ್ದೆ ಮಾಡ್ತಿದ್ದಾರೆ ಅನ್ನುತ್ತಿದ್ದೆ, ಎಂದು.

“ಅವಳು ಏನಂದ್ಲು ಗೊತ್ತಾ? ‘ನಂಗೊತ್ತಿತ್ತಮ್ಮ. ಸ್ಕೂಲಿಂದ ಬಂದು ನಾನೇ ಸ್ಟೂಲ್ ಹಾಕ್ಕೊಂಡು ಚಿಲಕ ತೆಗೀತಿದ್ದೆ. ಅಜ್ಜಿ ಬಾಗಿಲಿಗೇ ಅಂಟ್ಕೊಂಡು ಕೂತಿರ್ತಿದ್ರು. ಕೈಹಿಡ್ಕೊಂಡು ಕೂರ್ತಿದ್ದೆ. ನೀನು ಬರೋ ಹೊತ್ತಿಗೆ ಮತ್ತೆ ಒಳಗೆ ಬಿಟ್ಟು ಚಿಲಕ ಹಾಕ್ತಿದ್ದೆ.’ ಏಳು ವರ್ಷದ್ದು ಕಣೇ ಅದು! ಯಾಕೆ ಹೇಳ್ಲಿಲ್ಲ ಅಂದೆ. ‘ನೀನು ಕೇಳ್ಲಿಲ್ಲ’ ಅಂದ್ಲು.”

ಅವರು ಅಳಲಿಲ್ಲ. ಮುಂದಿನ ಸೀಟಿನ ಕಂಬಿಯನ್ನು ಬೆರಳು ಬಿಳುಚುವಷ್ಟು ಬಿಗಿಯಾಗಿ ಹಿಡಿದಿದ್ದರು.

ಆ ವಿಳಾಸ ಐದು ಅಂತಸ್ತಿನ ಒಂದು ಹಳೆಯ ಕಟ್ಟಡದ್ದು. ಮನೆ ಮೂರನೇ ಮಹಡಿಯ ಕೊನೆಗೆ. ಬಾಗಿಲಿಗೆ ಮೂರು ಬೀಗ, ಮೂರೂ ಹೊರಗಿನಿಂದ. ಗಂಟೆ ಒತ್ತಿದೆವು. ಬಡಿದೆವು. ಎದುರು ಮನೆಯ ಹೆಂಗಸು ಬಾಗಿಲು ಅರ್ಧ ತೆರೆದು ನೋಡಿದಳು.

“ಅವರು ಇಲ್ಲ. ಎರಡು ದಿನ ಆಯ್ತು ಕಂಡಿಲ್ಲ.”

“ಅವರ ಅಕ್ಕ?”

“ಯಾವ ಅಕ್ಕ? ಅವರೊಬ್ಬರೇ ಅಲ್ವಾ ಇರೋದು?”

ಗಂಟಕ್ಕ ನನ್ನನ್ನು ನೋಡಿದರು. ಹೆಂಗಸು ಈಗ ಪೂರ್ತಿ ಹೊರಗೆ ಬಂದಳು. ಅವಳ ದನಿ ಇಳಿದಿತ್ತು. “ಮೊನ್ನೆಯಿಂದ ಒಳಗೆ ಟಕ್ ಟಕ್ ಅಂತ ಸದ್ದು ಬರ್ತಿತ್ತು. ನಾನು ನೀರಿನ ಪೈಪು ಅಂದ್ಕೊಂಡೆ. ನಿನ್ನೆ ಸಂಜೆಯಿಂದ ಇಲ್ಲ.”

ಪೊಲೀಸರಿಗೆ ಅವಳೇ ಫೋನ್ ಮಾಡಿದಳು. ಬೀಗದವನನ್ನು ಕರೆದುಕೊಂಡು ಬರುತ್ತೇವೆ, ಇಪ್ಪತ್ತು ನಿಮಿಷ ಎಂದರು. ಅಷ್ಟು ಉದ್ದದ ಇಪ್ಪತ್ತು ನಿಮಿಷವನ್ನು ನಾನು ಕಂಡಿಲ್ಲ. ಬಾಗಿಲ ಕೆಳಭಾಗದಲ್ಲಿ ಪತ್ರ ಹಾಕುವ ಕಿಂಡಿಯಿತ್ತು. ಗಂಟಕ್ಕ ಅದರ ಮುಚ್ಚಳವನ್ನು ಬೆರಳಿನಿಂದ ಎತ್ತಿದರು. ಒಳಗಿನಿಂದ ಬಂದ ವಾಸನೆಗೆ ಎದುರು ಮನೆಯವಳು ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ಗಂಟಕ್ಕ ಸರಿಯಲಿಲ್ಲ. ನೆಲಕ್ಕೆ ಕೂತು, ಕಿಂಡಿಗೆ ಬಾಯಿಟ್ಟು, ಮಾತಾಡತೊಡಗಿದರು.

“ಅಕ್ಕಾ. ನಾನು ನೂಲಿನವಳು. ನಿಮ್ಮ ಸ್ವೆಟರೆಲ್ಲ ನನ್ ಹತ್ರ ಇವೆ. ಎಂಥ ಹೆಣಿಗೆ ಅಕ್ಕಾ ನಿಮ್ದು! ಮಿಲ್ಲಲ್ಲಿ ಯಂತ್ರ ಕೂಡ ಇಷ್ಟು ಸಮ ಹೆಣೀತಿರ್ಲಿಲ್ಲ. ಬೂದು ಬಣ್ಣದ್ದೊಂದು ಬಿಚ್ಚಿಬಿಟ್ಟೆ, ಬೈಕೋಬೇಡಿ. ಬಾಗಿಲು ತೆಗೀತಿದ್ದಾರೆ. ಕೇಳ್ತಿದೆಯಾ? ಕೇಳಿದ್ರೆ ಒಂದು ಸದ್ದು ಮಾಡಿ, ಸಾಕು.”

ಏನೂ ಇಲ್ಲ. ಗಂಟಕ್ಕ ನಿಲ್ಲಿಸಲಿಲ್ಲ. ಕೊರಳಪಟ್ಟಿಗೆ ಎಷ್ಟು ಕುಣಿಕೆ ಹಾಕಿದ್ದಿರಿ, ತೋಳು ಇಳಿಸುವಾಗ ಎಲ್ಲಿ ಕಡಿಮೆ ಮಾಡಿದಿರಿ, ಎಂದೆಲ್ಲ ಕೇಳುತ್ತಲೇ ಇದ್ದರು, ಉತ್ತರ ಬರುತ್ತಿರುವ ಹಾಗೆ. ಮೆಟ್ಟಿಲಲ್ಲಿ ಬೂಟಿನ ಸದ್ದು ಕೇಳುವ ಹೊತ್ತಿಗೆ ಒಳಗೆಲ್ಲೋ ದೂರದಲ್ಲಿ ಒಂದು ಸಲ ಟಕ್ ಎಂದಿತು. ಒಂದೇ ಸಲ.

ಬಾಗಿಲು ತೆರೆದಾಗ ಮೊದಲು ನುಗ್ಗಿದ್ದು ಗಂಟಕ್ಕ. ಒಳಕೋಣೆಯಲ್ಲಿ, ಕಿಟಕಿಯ ಪಕ್ಕ, ದಪ್ಪ ಮರದ ಕುರ್ಚಿಯಲ್ಲಿ ಅಕ್ಕ ಕೂತಿದ್ದರು. ಹಕ್ಕಿಯಷ್ಟೇ ಮೈ. ತಲೆ ಎದೆಯ ಮೇಲೆ. ಕುರ್ಚಿ ಅಲುಗಿ ಅಲುಗಿ ನೆಲದ ಮೇಲೆ ಗೀರು ಬಿದ್ದಿತ್ತು. ಎರಡೂ ಮಣಿಕಟ್ಟಿಗೆ ಮೂರು ಬೆರಳಗಲದ ಮೆತ್ತನೆ ಉಣ್ಣೆಯ ಪಟ್ಟಿಗಳು, ಎರಡೆರಡು ಸುತ್ತು. ಬಾಯಿಗೆ ಸರಿಯಾಗಿ ಸಿಗುವ ಎತ್ತರದಲ್ಲಿ ನಳಿಗೆ ಹಾಕಿದ ನೀರಿನ ಬಾಟಲಿಯನ್ನು ಕಂಬಿಗೆ ಕಟ್ಟಿತ್ತು, ತಳದವರೆಗೂ ಖಾಲಿ. ಬೆನ್ನಿಗೆ ದಿಂಬು, ಕಾಲಿಗೆ ಹೊದಿಕೆ, ಎದುರಿಗೆ ಬೀದಿ ಕಾಣುವ ಹಾಗೆ ಪರದೆ ಸರಿಸಿತ್ತು. ನಾಲ್ಕು ತಾಸು ಕಳೆಯಲು ಬೇಕಾದದ್ದೆಲ್ಲ ಇತ್ತು. ನಾಲ್ಕು ತಾಸಿನಲ್ಲಿ ವಾಪಸು ಬರುವವನು ಯೋಚಿಸಬಹುದಾದದ್ದೆಲ್ಲ.

ಪಟ್ಟಿಯ ಗಂಟು ಎಳೆದೂ ಎಳೆದೂ ಕಲ್ಲಾಗಿತ್ತು. ಗಂಟಕ್ಕ ಮೊಣಕಾಲೂರಿ ಕೂತು ಉಗುರು ಹಾಕಿದರು. ಗಂಟು ಸಡಿಲಲಿಲ್ಲ. ನಾನು ಅವರ ಬಾಯಲ್ಲಿ ಎಂದೂ ಕೇಳದ ಮಾತನ್ನು ಅಂದು ಕೇಳಿದೆ.

“ಕತ್ತರಿ! ಯಾರಾದ್ರೂ ಕತ್ತರಿ ಕೊಡ್ರೀ!”

ಬೀಗದವನು ತನ್ನ ಚೀಲದಿಂದ ಚಾಕು ಕೊಟ್ಟ. ಅಕ್ಕನಿಗೆ ಉಸಿರಿತ್ತು. ಆಂಬುಲೆನ್ಸಿನವರು ಎತ್ತಿಕೊಳ್ಳುವಾಗ ಕಣ್ಣು ಒಮ್ಮೆ ತೆರೆಯಿತು, ಯಾರನ್ನೋ ಹುಡುಕಿತು, ಮುಚ್ಚಿತು.

ತಮ್ಮ ಎಲ್ಲಿದ್ದನೆಂದು ಮಧ್ಯಾಹ್ನ ತಿಳಿಯಿತು. ಬುಧವಾರ ಒಂದು ಗಂಟೆಯ ಸುಮಾರಿಗೆ ಕೆಲಸದ ಜಾಗದಲ್ಲಿ ಲಿಫ್ಟ್ ಇಳಿಯುವ ಆಳದ ಹೊಂಡಕ್ಕೆ ಬಿದ್ದಿದ್ದ. ಅಂದಿನಿಂದ ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಕೆಲಸದವರಿಗೆ ಅವನು ಒಂಟಿ ಎಂದೇ ಗೊತ್ತು. ಮನೆಗೆ ಯಾರೂ ಹೋಗಲಿಲ್ಲ. ಶನಿವಾರ ಎಚ್ಚರವಾದ ಕೂಡಲೇ ಸೂಜಿ, ನಳಿಗೆ ಎಲ್ಲ ಕಿತ್ತುಕೊಂಡು ಮಂಚದಿಂದ ಕೆಳಗೆ ಬಿದ್ದನಂತೆ. ಮುರಿದ ಕಾಲಿನಲ್ಲಿ ತೆವಳಲು ಹೊರಟನಂತೆ. ಅಕ್ಕ ಬದುಕಿದ್ದಾಳೆ ಎಂದು ಮೂರು ಸಲ ಹೇಳಿದ ಮೇಲೆ ಸುಮ್ಮನಾದ.

ಅಕ್ಕ ಬದುಕಿದರು. ಅವರನ್ನು ಆಸ್ಪತ್ರೆಯಿಂದ ನೇರವಾಗಿ ಆರೈಕೆಯ ಒಂದು ನಿಲಯಕ್ಕೆ ಕಳಿಸಿದರು. ಅಧಿಕಾರಿಗಳು ಬಂದರು, ಅವನನ್ನೂ ನಮ್ಮನ್ನೂ ವಿಚಾರಿಸಿದರು, ಬರೆದುಕೊಂಡರು. ಅವನ ಮೇಲೆ ಕೇಸು ನಡೆಯುತ್ತದೋ ಇಲ್ಲವೋ ಎಂಬುದು ಬಹಳ ದಿನ ತೂಗಾಡಿ, ಕೊನೆಗೆ ಎಚ್ಚರಿಕೆ ಕೊಟ್ಟು ಕೈಬಿಟ್ಟರು. ಅಕ್ಕ ಮಾತ್ರ ಇನ್ನು ಅವನ ಮನೆಗೆ ಬರುವಂತಿಲ್ಲ.

ಅವನು ನಮ್ಮಲ್ಲಿಗೆ ಬಂದದ್ದು ಎರಡು ತಿಂಗಳಾದ ಮೇಲೆ, ಊರುಗೋಲು ಊರಿಕೊಂಡು. ಗುರುವಾರವೇನಲ್ಲ. ಕೈಯಲ್ಲಿ ಚೀಲವಿರಲಿಲ್ಲ, ಫೋನೂ ಇರಲಿಲ್ಲ. ಮೇಡಂ ಎದ್ದು ನಿಂತರು. ಅವನು ಅವರನ್ನು ದಾಟಿ ಬಂದು ಗಂಟಕ್ಕನ ಎದುರು ಕೂತ. ನಾನು ಗುಂಡಿಗಳನ್ನು ಎಣಿಸುವವಳ ಹಾಗೆ ತಲೆ ಬಗ್ಗಿಸಿದೆ.

“ತೋಳಿನ ಗುರುತು ನೋಡಿ ಬಂದ್ರಂತೆ. ಪೊಲೀಸರು ಹೇಳಿದ್ರು.”

“ಹೌದಣ್ಣ.”

“ಯಾವತ್ತು ನೋಡಿದ್ದು?”

ಸುಳ್ಳು ಹೇಳಲು ಅವಕಾಶವಿತ್ತು. ಗಂಟಕ್ಕ ಹೇಳಲಿಲ್ಲ. “ನೀವು ಐದು ಸ್ವೆಟರ್ ತಂದ್ರಲ್ಲ, ಅವತ್ತೇ. ಎರಡು ವಾರ ಮೊದಲೇ ಗೊತ್ತಿತ್ತು.”

ಅವನು ಊರುಗೋಲನ್ನು ಮೇಜಿಗೆ ಒರಗಿಸಿದ. ಕೋಪ ಬರುತ್ತದೆಂದು ನಾನು ಕಾದೆ. ದನಿ ಏರಲಿಲ್ಲ.

“ನಮ್ಮ ಮನೆ ಕೆಳಗೇ ಬಟ್ಟೆ ಹಾಕೋ ಪೆಟ್ಟಿಗೆ ಇದೆ. ಅಲ್ಲಿ ಹಾಕಬಹುದಿತ್ತು. ಎರಡು ಬಸ್ ಬದಲಾಯಿಸಿ ಇಲ್ಲಿಗೆ ಬರ್ತಿದ್ದೆ. ಇಲ್ಲಿ ಜನ ಕೈಯಿಂದ ಮುಟ್ಟಿ ನೋಡ್ತಾರೆ ಅಂತ. ಯಾರಾದ್ರೂ ಒಬ್ಬರು ‘ಇದೇನಪ್ಪಾ ಇದು’ ಅಂತ ಕೇಳ್ತಾರೇನೋ ಅಂತ. ನಾನಾಗಿ ನಾನು ಬಾಯಿಬಿಟ್ಟು ಹೇಳೋಕೆ ಆಗ್ತಿರ್ಲಿಲ್ಲ. ನನ್ನನ್ನ ಎತ್ತಿ ಆಡಿಸಿ ಸಾಕಿದವಳು ಅವಳು. ಅವಳ ಕೈ ಕಟ್ತೀನಿ ಅಂತ ಹೇಗೆ ಹೇಳ್ಲಿ?”

“ನಾನು ಕೇಳಿದ್ರೆ ಹೇಳ್ತಿದ್ರಾ?”

ಅವನು ಯೋಚಿಸಿದ. “ಗೊತ್ತಿಲ್ಲ” ಎಂದ. “ಕೇಳ್ಬೇಕಿತ್ತು ನೀವು.”

ಎದ್ದು, ಊರುಗೋಲನ್ನು ಸರಿಮಾಡಿಕೊಂಡು ಹೋದ. ಗಂಟಕ್ಕ ಅಂದು ಸಂಜೆಯವರೆಗೂ ಚೌಕಟ್ಟಿನ ಮುಂದೆ ಕೂತಿದ್ದರು, ಒಂದು ಎಳೆಯನ್ನೂ ಹಾಕಲಿಲ್ಲ.

ಅದಾದ ಮೇಲೆ ಅವರು ಕೇಳುವವರಾದರು. ಯಾರು ಏನು ತಂದರೂ ಎದ್ದು ಹೋಗಿ, ಇದು ಯಾರ ಬಟ್ಟೆ, ಅವರು ಹೇಗಿದ್ದಾರೆ, ಯಾಕೆ ಕೊಡುತ್ತಿದ್ದೀರಿ ಎಂದು ಮುಖ ನೋಡಿ ಕೇಳುವರು. ಕೆಲವರಿಗೆ ಇಷ್ಟವಾಗುತ್ತದೆ, ನಿಂತು ಒಂದು ಗಂಟೆ ಮಾತಾಡಿ ಹೋಗುತ್ತಾರೆ. ಕೆಲವರು ಚೀಲವನ್ನು ವಾಪಸು ಎತ್ತಿಕೊಂಡು ಹೋಗುತ್ತಾರೆ. ಹಾಗೆ ಹೋದವರ ಬೆನ್ನನ್ನು ಗಂಟಕ್ಕ ಬಾಗಿಲಿನವರೆಗೂ ನೋಡುತ್ತಾರೆ. ಮೇಡಂ ಎರಡು ಸಲ ಎಚ್ಚರಿಸಿದರು, ಈಗ ಬಿಟ್ಟಿದ್ದಾರೆ.

ಭಾನುವಾರ ಅವರು ನಿಲಯಕ್ಕೆ ಹೋಗುತ್ತಾರೆ. ಒಮ್ಮೆ ನಾನೂ ಹೋಗಿದ್ದೆ. ಸ್ವಚ್ಛವಾದ ಜಾಗ, ಬಿಸಿಲು ಬರುವ ಕೋಣೆ, ನಗುಮುಖದ ದಾದಿಯರು. ಅಲ್ಲಿ ಯಾರನ್ನೂ ಕಟ್ಟುವುದಿಲ್ಲ. ಅಕ್ಕ ಮೈತುಂಬಿಕೊಂಡಿದ್ದಾರೆ, ಮಣಿಕಟ್ಟಿನ ಗಾಯ ಒಣಗಿ ಬಿಳಿ ಗೆರೆಯಾಗಿದೆ. ಮಾತಿಲ್ಲ. ಕುರ್ಚಿಯಲ್ಲಿ ಕೂರಿಸಿದರೆ ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲೆ ತಾವೇ ಇಟ್ಟುಕೊಳ್ಳುತ್ತಾರೆ. ಮೂಗು ತುರಿಸಿದರೂ ಎತ್ತುವುದಿಲ್ಲ. ತಲೆ ಬಗ್ಗಿಸಿ ಹೆಗಲಿಗೆ ಉಜ್ಜಿಕೊಳ್ಳುತ್ತಾರೆ. ಗಂಟಕ್ಕ ಮುಂದೆ ಕೂತು, ಮೆತ್ತನೆಯ ಉಂಡೆಯೊಂದನ್ನು ತೆಗೆದು, ಅವರ ಬಲಗೈಯನ್ನು ಮೆಲ್ಲಗೆ ಎತ್ತಿ ನೂಲನ್ನು ಬೆರಳುಗಳ ನಡುವೆ ಇಟ್ಟರು. ಬೆರಳು ಅದನ್ನು ಗುರುತಿಸಿದಂತೆ ಒಂದು ಕ್ಷಣ ಅಲುಗಿತು. ಗಂಟಕ್ಕ ಕೈಬಿಟ್ಟರು. ಆ ಕೈ ನೂಲಿನ ಸಮೇತ ನಿಧಾನವಾಗಿ ಇಳಿದು, ಕುರ್ಚಿಯ ಮೇಲೆ ಮೊದಲಿದ್ದ ಜಾಗಕ್ಕೇ ಹೋಗಿ ಕೂತಿತು.

“ಮತ್ತೆ ನೋಡೋಣ ಅಕ್ಕಾ” ಎಂದು ಗಂಟಕ್ಕ ಅದನ್ನು ಇನ್ನೊಮ್ಮೆ ಎತ್ತಿದರು.